ಮೈಕೆಲ್ ಫ್ಯಾರಡೆ: ಪುಸ್ತಕಕ್ಕೆ ರಟ್ಟು ಕಟ್ಟುವ ಹುಡುಗ ವಿಜ್ಞಾನಿಯಾದದ್ದು



ಈ ಸಲದ ಗೋಡೆ ಪತ್ರಿಕೆಯಲ್ಲಿ ವಿಜ್ಞಾನಿಯೊಬ್ಬರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ನಾನು ಮೈಕೆಲ್ ಫ್ಯಾರಡೆ ಅವರನ್ನು ಆರಿಸಿಕೊಂಡಿದ್ದೇನೆ. ಯಾಕೆಂದರೆ ಅವರು ಓದು ಬಿಟ್ಟು ಕೆಲಸಕ್ಕೆ ಸೇರಿದಾಗ ಅವರಿಗೆ ಹದಿಮೂರು ವರ್ಷ. ನನಗೂ ಈಗ ಹದಿಮೂರು. ಚಿಕ್ಕವರಿದ್ದಾಗಿನ ಕಥೆಯಲ್ಲಿ ಅವನು ಅಂತ ಬರೆಯುತ್ತೇನೆ, ದೊಡ್ಡವರಾದ ಮೇಲೆ ಅವರು ಅಂತ ಬರೆಯುತ್ತೇನೆ.

ಬಾಲ್ಯ

ಮೈಕೆಲ್ ಫ್ಯಾರಡೆ 1791ನೇ ಇಸವಿ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಲಂಡನ್ ಪಕ್ಕದ ನ್ಯೂಯಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆಯ ಹೆಸರು ಜೇಮ್ಸ್, ಕಮ್ಮಾರಿಕೆ ಅವರ ಕಸುಬು. ತಾಯಿ ಮಾರ್ಗರೆಟ್. ನಾಲ್ಕು ಜನ ಮಕ್ಕಳಲ್ಲಿ ಮೈಕೆಲ್ ಮೂರನೆಯವನು. ತಂದೆಗೆ ಮೇಲಿಂದ ಮೇಲೆ ಕಾಯಿಲೆ. ಕಮ್ಮಾರ ಮಲಗಿದರೆ ಕುಲುಮೆಯೂ ಮಲಗಿದ ಹಾಗೆ. 1801ರಲ್ಲಿ ಧಾನ್ಯದ ಬೆಲೆ ತುಂಬಾ ಏರಿತು. ಆಗ ಒಂಬತ್ತು ವರ್ಷದ ಮೈಕೆಲನಿಗೆ ಇಡೀ ವಾರಕ್ಕೆ ಒಂದೇ ಒಂದು ಬ್ರೆಡ್ಡು ಸಿಗುತ್ತಿತ್ತು. ಅದನ್ನೇ ಏಳು ದಿನ ತಿನ್ನಬೇಕಿತ್ತು.

ಶಾಲೆಯಲ್ಲಿ ಅವನು ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ, ಅಷ್ಟೇ. ಚಿಕ್ಕವನಿದ್ದಾಗ ಅವನಿಗೆ ರಕಾರ ಹೇಳಲು ಬರುತ್ತಿರಲಿಲ್ಲವಂತೆ. ಅಣ್ಣ ರಾಬರ್ಟನ ಹೆಸರನ್ನೇ ತಪ್ಪಾಗಿ ಕರೆಯುತ್ತಿದ್ದನಂತೆ. ಟೀಚರ್ ಬೆತ್ತ ತಗೊಂಡು ಬಾ ಎಂದು ಅಣ್ಣನ ಕೈಗೇ ಕಾಸು ಕೊಟ್ಟರಂತೆ. ಅಣ್ಣ ಆ ಕಾಸನ್ನು ಬಿಸಾಡಿ ಮನೆಗೆ ಹೋಗಿ ಅಮ್ಮನಿಗೆ ಹೇಳಿದನಂತೆ. ಅಮ್ಮ ಇಬ್ಬರನ್ನೂ ಆ ಶಾಲೆಯಿಂದ ಬಿಡಿಸಿದರು ಅಂತ ಹೇಳುತ್ತಾರೆ.

ರಟ್ಟಿನ ಅಂಗಡಿ

1804ರಲ್ಲಿ ಮೈಕೆಲ್ ರೀಬೋ ಎಂಬುವರ ಪುಸ್ತಕದಂಗಡಿಗೆ ಸೇರಿದನು. ಮೊದಲು ಪೇಪರ್ ಹಾಕುವ ಕೆಲಸ. ಆಗ ಪೇಪರಿನ ಬೆಲೆ ಜಾಸ್ತಿ. ಹಾಗಾಗಿ ಒಂದೇ ಪೇಪರನ್ನು ಒಬ್ಬರ ಮನೆಗೆ ಕೊಟ್ಟು, ಅವರು ಓದಿದ ಮೇಲೆ ವಾಪಸ್ ತಂದು ಇನ್ನೊಬ್ಬರ ಮನೆಗೆ ಕೊಡಬೇಕು. ಮರುವರ್ಷ ರೀಬೋ ಅವನನ್ನು ಏಳು ವರ್ಷಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಇಟ್ಟುಕೊಂಡರು. ಕೆಲಸ ಕಲಿಸಲು ದುಡ್ಡು ತೆಗೆದುಕೊಳ್ಳಲಿಲ್ಲ.

ಮೈಕೆಲ್ ಪುಸ್ತಕಗಳನ್ನು ಬರೀ ಹೊಲಿಯಲಿಲ್ಲ, ಓದಿದನು. ಬ್ರಿಟಾನಿಕಾ ವಿಶ್ವಕೋಶ ರಟ್ಟು ಹಾಕಲು ಬಂದಾಗ ಅದರಲ್ಲಿ ವಿದ್ಯುತ್ತಿನ ಪಾಠ ಓದಿದನು. ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರವನ್ನು ಮಾತುಕತೆಯ ರೂಪದಲ್ಲಿ ಬರೆದಿದ್ದ ಪುಸ್ತಕವನ್ನೂ ಓದಿದನು. ಓದಿದ್ದು ನಿಜವೋ ಸುಳ್ಳೋ ಎಂದು ತಾನೇ ಮಾಡಿ ನೋಡುತ್ತಿದ್ದನು.

1812ರಲ್ಲಿ ಅವನು ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಏಳು ತಾಮ್ರದ ಅರ್ಧ ಪೆನ್ನಿ ಕಾಸು, ಕಾಸಿನ ಹಾಗೆ ಕತ್ತರಿಸಿದ ಏಳು ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ಆರು ಕಾಗದದ ಚೂರು. ಇವನ್ನು ಒಂದರ ಮೇಲೆ ಒಂದು ಪೇರಿಸಿದನು. ಅದೇ ಅವನ ಬ್ಯಾಟರಿ. ಅದರಿಂದ ಎಪ್ಸಮ್ ಉಪ್ಪಿನ ನೀರಿಗೆ ವಿದ್ಯುತ್ ಹರಿಸಿ ಆ ಉಪ್ಪನ್ನು ಒಡೆದನು. ವಿದ್ಯುತ್ ಹರಿಸಿ ವಸ್ತುವನ್ನು ಬೇರೆ ಬೇರೆ ಮಾಡುವುದಕ್ಕೆ ವಿದ್ಯುದ್ವಿಭಜನೆ ಎನ್ನುತ್ತಾರೆ. ಮುಂದೆ ಇದೇ ವಿಷಯದಲ್ಲಿ ಅವನ ಹೆಸರಿನ ನಿಯಮ ಬಂತು. ಶುರುವಾದದ್ದು ಮಾತ್ರ ಅಂಗಡಿಯ ಹುಡುಗನ ಏಳು ಕಾಸಿನಿಂದ!

ಡೇವಿಯವರ ಬಳಿ ಕೆಲಸ

ಆ ಕಾಲದ ದೊಡ್ಡ ವಿಜ್ಞಾನಿ ಹಂಫ್ರಿ ಡೇವಿ. ಕರಗಿಸಿದ ಕ್ಷಾರಕ್ಕೆ ವಿದ್ಯುತ್ ಹರಿಸಿ 1807ರಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ ಎಂಬ ಎರಡು ಹೊಸ ಲೋಹ ಕಂಡುಹಿಡಿದವರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರ ಭಾಷಣ ಕೇಳಲು ಟಿಕೆಟ್ ಬೇಕು. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು 1812ರಲ್ಲಿ ಮೈಕೆಲನಿಗೆ ಟಿಕೆಟ್ ಕೊಟ್ಟರು. ನಾಲ್ಕು ಭಾಷಣ ಕೇಳಿ, ಎಲ್ಲವನ್ನೂ ಚಿತ್ರ ಸಮೇತ ನೀಟಾಗಿ ಬರೆದು, ತಾನೇ ರಟ್ಟು ಕಟ್ಟಿ ಡೇವಿಯವರಿಗೆ ಕಳಿಸಿದನು. ಮೊದಲು ಜಾಗ ಖಾಲಿ ಇರಲಿಲ್ಲ. ಆಮೇಲೆ ಅಲ್ಲಿದ್ದ ಕೆಲಸದವನೊಬ್ಬ ಹೊಡೆದಾಟ ಮಾಡಿಕೊಂಡು ಕೆಲಸ ಕಳೆದುಕೊಂಡನು. ಡೇವಿ ಮೈಕೆಲನನ್ನು ಕರೆಸಿದರು. 1813ರ ಮಾರ್ಚ್ 1ರಂದು ಅವನಿಗೆ ಸಹಾಯಕನ ಕೆಲಸ ಸಿಕ್ಕಿತು. ವಾರಕ್ಕೆ 25 ಷಿಲಿಂಗ್ ಸಂಬಳ, ಇರಲು ಮೇಲೆ ಎರಡು ಕೋಣೆ.

ಅದೇ ವರ್ಷ ಡೇವಿ ದಂಪತಿಗಳು ಯೂರೋಪ್ ಪ್ರವಾಸ ಹೊರಟರು, ಫ್ಯಾರಡೆಯನ್ನೂ ಕರೆದುಕೊಂಡು ಹೋದರು. ಫ್ರಾನ್ಸಿನಲ್ಲಿ ಆಂಪೇರ್, ಇಟಲಿಯಲ್ಲಿ ವೋಲ್ಟಾ ಅವರನ್ನು ನೋಡುವ ಭಾಗ್ಯ ಸಿಕ್ಕಿತು. ಆದರೆ ಡೇವಿಯವರ ಹೆಂಡತಿ ಅವನನ್ನು ಆಳಿನ ಹಾಗೆ ನೋಡಿದರು. ಊಟಕ್ಕೂ ಆಳುಗಳ ಜೊತೆಗೇ ಕೂರಬೇಕು. ಬಿಟ್ಟು ಮನೆಗೆ ಹೋಗಿಬಿಡೋಣ ಅಂತ ಅವನಿಗೆ ಅನ್ನಿಸಿತ್ತು. ಆದರೆ ಕಲಿಯುವುದು ಇಲ್ಲೇ ಅಂತ ಸಹಿಸಿಕೊಂಡು 1815ರಲ್ಲಿ ವಾಪಸ್ ಬಂದನು.

ಇಲ್ಲಿಂದ ಮುಂದೆ ಅವರು ಅಂತ ಬರೆಯುತ್ತೇನೆ. 1821ರಲ್ಲಿ ಫ್ಯಾರಡೆಯವರು ಸಾರಾ ಬರ್ನಾರ್ಡ್ ಅವರನ್ನು ಮದುವೆಯಾದರು. ಅದೇ ವರ್ಷ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವ ಹಾಗೆ ಮಾಡಿದರು. ಆದರೆ ಬೇರೆಯವರ ಯೋಚನೆ ಕದ್ದರು ಎಂಬ ಮಾತು ಹುಟ್ಟಿತು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಅವರ ಹೆಸರು ಬಂದಾಗ ಅಧ್ಯಕ್ಷರಾಗಿದ್ದ ಡೇವಿಯವರೇ ಬೇಡ ಅಂದರು. ಓಟು ಹಾಕಿದಾಗ ಒಂದೇ ಒಂದು ವಿರುದ್ಧ ಓಟು ಬಂತು, ಫ್ಯಾರಡೆ ಆಯ್ಕೆಯಾದರು. ಹೀಗಾದರೂ ಅವರು ಡೇವಿಯವರ ಮೇಲಿನ ಗೌರವ ಬಿಡಲಿಲ್ಲ.

1831ರ ಆಗಸ್ಟ್ 29ರಂದು ಅಯಸ್ಕಾಂತದ ಬಲ ಬದಲಾದಾಗ ಪಕ್ಕದ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಕಂಡರು. ಸೈಕಲ್ಲಿನ ಡೈನಮೋ, 1902ರಲ್ಲಿ ಶುರುವಾದ ನಮ್ಮ ಶಿವನಸಮುದ್ರದ ವಿದ್ಯುತ್ ಕೇಂದ್ರ, ಎಲ್ಲಾ ಇದೇ ತತ್ವ. ಇದರ ಬಗ್ಗೆ ಬರೆದರೆ ಗೋಡೆ ಸಾಲುವುದಿಲ್ಲ. ನಾನು ವಿದ್ಯುದ್ವಿಭಜನೆಗೆ ಬರುತ್ತೇನೆ.

ವಿದ್ಯುದ್ವಿಭಜನೆಯ ನಿಯಮಗಳು

ವಿದ್ಯುತ್ತಿನಿಂದ ನೀರನ್ನು ಒಡೆಯಬಹುದು ಎಂದು 1800ರಲ್ಲೇ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ತೋರಿಸಿದ್ದರು. ಆದರೆ ಎಷ್ಟು ವಿದ್ಯುತ್ ಹರಿದರೆ ಎಷ್ಟು ವಸ್ತು ಸಿಗುತ್ತದೆ? ಆ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಫ್ಯಾರಡೆ 1833 ಮತ್ತು 1834ರಲ್ಲಿ ಅದನ್ನು ಹಿಡಿದರು.

ಮೊದಲು ಅವರು ಕಂಡದ್ದು, ಮಂಜುಗಡ್ಡೆಯ ಮೂಲಕ ವಿದ್ಯುತ್ ಹೋಗಲಿಲ್ಲ, ಅದು ಕರಗಿದ ತಕ್ಷಣ ಹೋಯಿತು. ಬೇರೆ ಎಷ್ಟೋ ಲವಣಗಳಲ್ಲೂ ಹೀಗೇ. ಯಾಕೆ? ಗಟ್ಟಿ ಇದ್ದಾಗ ಒಳಗಿನ ಕಣಗಳು ಕದಲುವುದಿಲ್ಲ. ಕರಗಿದಾಗ ಓಡಾಡುತ್ತವೆ. ಬಸ್ಸಿನಲ್ಲಿ ಒತ್ತಿ ನಿಂತ ಜನ ಕದಲಲು ಆಗದೆ, ಸಂತೆಯಲ್ಲಿ ಇಳಿದ ಮೇಲೆ ಓಡಾಡುವ ಹಾಗೆ. ಇದು ಈಗ ನಮಗೆ ಗೊತ್ತಿರುವ ಕಾರಣ.

ಆಮೇಲೆ ಅವರು ನೀರು ಒಡೆದಾಗ ಬಂದ ಅನಿಲವನ್ನು ಅಳತೆಯ ಗಾಜಿನ ಕೊಳವೆಯಲ್ಲಿ ಹಿಡಿದರು. ಅನಿಲ ಎಷ್ಟು ಬಂತೋ ಅಷ್ಟು ವಿದ್ಯುತ್ ಹರಿದಿದೆ ಅಂತ ಲೆಕ್ಕ. ಹೀಗೆ ಎರಡು ನಿಯಮ ಸಿಕ್ಕಿತು.

1. ಹರಿದ ವಿದ್ಯುತ್ ಎರಡರಷ್ಟಾದರೆ ಸಿಗುವ ವಸ್ತುವೂ ಎರಡರಷ್ಟು. ಮೂರರಷ್ಟಾದರೆ ಮೂರರಷ್ಟು.

2. ಒಂದೇ ಪ್ರಮಾಣದ ವಿದ್ಯುತ್ತನ್ನು ಬೇರೆ ಬೇರೆ ದ್ರಾವಣದಲ್ಲಿ ಹರಿಸಿದರೆ, ಸಿಗುವ ತೂಕ ಬೇರೆ ಬೇರೆ, ಆದರೆ ಯಾವಾಗಲೂ ಅದೇ ಪ್ರಮಾಣದಲ್ಲಿ. ಹೈಡ್ರೋಜನ್ 1 ಗ್ರಾಂ ಬಂದರೆ ತಾಮ್ರ ಸುಮಾರು 32 ಗ್ರಾಂ, ಬೆಳ್ಳಿ ಸುಮಾರು 107 ಗ್ರಾಂ.

ಈಗಿನ ಲೆಕ್ಕದಲ್ಲಿ 1 ಆಂಪೇರ್ ವಿದ್ಯುತ್ 1 ಗಂಟೆ ಹರಿದರೆ ಸುಮಾರು 4 ಗ್ರಾಂ ಬೆಳ್ಳಿ ಕೂರುತ್ತದೆ. ತಾಮ್ರವಾದರೆ 1 ಗ್ರಾಂಗಿಂತ ಸ್ವಲ್ಪ ಹೆಚ್ಚು.

ಹೊಸ ವಿಷಯಕ್ಕೆ ಹೊಸ ಹೆಸರು ಬೇಕಲ್ಲ! ಫ್ಯಾರಡೆ ಗ್ರೀಕ್ ಕಲಿತವರಲ್ಲ. ನಾಚಿಕೆ ಪಡದೆ ವಿಲಿಯಂ ಹ್ಯೂವೆಲ್ ಎಂಬ ವಿದ್ವಾಂಸರಿಗೆ ಪತ್ರ ಬರೆದು ಕೇಳಿದರು. ಹೀಗೆ ಆನೋಡ್, ಕ್ಯಾಥೋಡ್, ಅಯಾನ್ ಎಂಬ ಹೆಸರು ಬಂದವು. ಅಯಾನ್ ಎಂದರೆ ಗ್ರೀಕಿನಲ್ಲಿ ಹೋಗುವಂಥದ್ದು ಎಂದು ಅರ್ಥ.

ನಮ್ಮ ತರಗತಿಯಲ್ಲಿ ನೋಡಿದ್ದು

ನಮ್ಮ ವಿಜ್ಞಾನ ಮೇಷ್ಟ್ರು ಇದನ್ನು ಮಾಡಿ ತೋರಿಸಿದರು. ಮೈಲುತುತ್ತ ಎಲ್ಲರಿಗೂ ಗೊತ್ತು, ಅಡಿಕೆ ಕೊಳೆ ರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತಾರಲ್ಲ, ಅದೇ. ಅದರಲ್ಲಿ ತಾಮ್ರ ಇದೆ. ಮೈಲುತುತ್ತದ ನೀಲಿ ನೀರಿಗೆ ಹಳೇ ಸೆಲ್ಲಿನ ಒಳಗಿನ ಎರಡು ಕಪ್ಪು ಕಡ್ಡಿ ಇಳಿಸಿ, ಎರಡು ಟಾರ್ಚ್ ಸೆಲ್ ಜೋಡಿಸಿದರು. ಸ್ವಲ್ಪ ಹೊತ್ತಿಗೆ ಮೈನಸ್ ಕಡೆಯ ಕಡ್ಡಿ ಕೆಂಪಗಾಯಿತು. ಅದೇ ತಾಮ್ರ. ಪ್ಲಸ್ ಕಡೆ ಗುಳ್ಳೆ ಬಂತು, ಅದು ಆಕ್ಸಿಜನ್.

ಕಬ್ಬಿಣದ ಬೀಗದ ಕೈ ಯಾಕೆ ಹಾಕಲಿಲ್ಲ ಅಂತ ನಾನು ಕೇಳಿದೆ. ಮೇಷ್ಟ್ರು ಸೆಲ್ ಇಲ್ಲದೇ ಒಂದು ಮೊಳೆ ಅದ್ದಿ ತೋರಿಸಿದರು. ಅದೂ ಕೆಂಪಗಾಯಿತು! ಕಬ್ಬಿಣ ತಾನೇ ನೀರಿಗೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ. ಹಾಗೆ ಕೂತ ತಾಮ್ರ ಉಜ್ಜಿದರೆ ಬಿಟ್ಟುಹೋಗುತ್ತದೆ. ಅಲ್ಲಿ ಕೆಲಸ ಮಾಡಿದ್ದು ಬ್ಯಾಟರಿ ಅಲ್ಲ. ಅದಕ್ಕೇ ಕಪ್ಪು ಕಡ್ಡಿ ಬೇಕು. (ಎಚ್ಚರ: ಮೈಲುತುತ್ತ ವಿಷ. ದೊಡ್ಡವರಿಲ್ಲದೆ ಮುಟ್ಟಬೇಡಿ, ಮುಟ್ಟಿದರೆ ಕೈ ತೊಳೆಯಿರಿ.)

ಗಿಲೀಟು ಅಂದರೇನು?

ಇದೇ ವಿಧಾನದಲ್ಲಿ ಒಂದು ಲೋಹದ ಮೇಲೆ ಇನ್ನೊಂದು ಲೋಹದ ತೆಳು ಪದರ ಕೂರಿಸಿದರೆ ಅದು ವಿದ್ಯುಲ್ಲೇಪನ. ಯಾವುದಕ್ಕೆ ಲೇಪ ಬೇಕೋ ಅದು ಮೈನಸ್ ಕಡೆ. ಯಾವ ಲೋಹದ ಲೇಪವೋ ಆ ಲೋಹದ ತುಂಡು ಪ್ಲಸ್ ಕಡೆ. ಅದೇ ಲೋಹದ ಲವಣದ ನೀರು ನಡುವೆ. ತುಂಡು ಸವೆಯುತ್ತದೆ, ವಸ್ತು ಹೊಳೆಯುತ್ತದೆ. ಸೈಕಲ್ಲಿನ ಹ್ಯಾಂಡಲ್, ಜಾತ್ರೆಯಲ್ಲಿ ಸಿಗುವ ಎಷ್ಟೋ ಗಿಲೀಟಿನ ಸರ, ಎಲ್ಲಾ ಹೀಗೆ. ಪಾತ್ರೆಗೆ ಕಲಾಯಿ ಹಾಕುವುದು ಬೇರೆ, ಅದು ಬೆಂಕಿಯ ಕೆಲಸ.

ಹಿಂದೆ ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ, ಕಾಯಿಸಿ ಪಾದರಸ ಹಾರಿಸುತ್ತಿದ್ದರು. ಆ ಹೊಗೆ ಕುಡಿದು ಕೆಲಸದವರು ಕಾಯಿಲೆ ಬೀಳುತ್ತಿದ್ದರು. 1840ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ತಿನಿಂದ ಬೆಳ್ಳಿ, ಚಿನ್ನ ಲೇಪಿಸಲು ಪೇಟೆಂಟ್ ಪಡೆದರು. ಆದರೆ ಅದರಲ್ಲೂ ಸಯನೈಡ್ ಎಂಬ ವಿಷ ಬಳಸುತ್ತಿದ್ದರು.

ನಮ್ಮ ಅಣ್ಣ ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟ. ಹೈಸ್ಕೂಲು ದೂರ, ಮನೆಯಲ್ಲಿ ಕಷ್ಟ. ಈಗ ಪೇಟೆಯಲ್ಲಿ ಗಾಡಿ ರಿಪೇರಿ ಅಂಗಡಿಯಲ್ಲಿದ್ದಾನೆ. ಲೇಪ ಯಾಕೆ ಸುಲಿಯುತ್ತದೆ ಅಂತ ಅವನನ್ನು ಕೇಳಿದೆ. ಒಳಗೆ ಎಣ್ಣೆ ಜಿಡ್ಡೋ ತುಕ್ಕೋ ಉಳಿದಿದ್ದರೆ ಮೇಲಿನದು ಹಿಡಿಯುವುದಿಲ್ಲ, ಮೊದಲು ಚೆನ್ನಾಗಿ ಉಜ್ಜಿ ತೊಳೆಯಬೇಕು ಅಂದ. ಮೇಷ್ಟ್ರು ಹೇಳಿದ್ದೂ ಅದೇ. ಪಾಠ ಓದದೆಯೂ ಅಣ್ಣನಿಗೆ ಗೊತ್ತಿತ್ತು.

ಕೊನೆಯ ದಿನಗಳು

ಫ್ಯಾರಡೆಯವರಿಗೆ ಮಕ್ಕಳಿರಲಿಲ್ಲ, ಆದರೆ ಮಕ್ಕಳೆಂದರೆ ಪ್ರೀತಿ. ಕ್ರಿಸ್ಮಸ್ ಸಮಯದಲ್ಲಿ ಮಕ್ಕಳಿಗಾಗಿ ಹತ್ತೊಂಬತ್ತು ವರ್ಷದ ಭಾಷಣಮಾಲೆಗಳನ್ನು ಅವರೇ ನಡೆಸಿಕೊಟ್ಟರು. ಒಂದು ಮೇಣದ ಬತ್ತಿ ಇಟ್ಟುಕೊಂಡು ಎಷ್ಟೋ ರಸಾಯನಶಾಸ್ತ್ರ ಹೇಳಿಕೊಟ್ಟರು. ಕಾರ್ಖಾನೆಗಳಿಗೆ ಸಲಹೆ ಕೊಟ್ಟು ಸಿಗುತ್ತಿದ್ದ ಹಣದ ಕೆಲಸವನ್ನು ಬಹಳ ಕಡಿಮೆ ಮಾಡಿ ಸಂಶೋಧನೆಗೆ ಸಮಯ ಉಳಿಸಿಕೊಂಡರು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಎರಡು ಸಲ ಬಂದರೂ ಬೇಡ ಅಂದರು.

ಅವರಿಗೆ ದೊಡ್ಡ ಗಣಿತ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿಸುವವರು ಇರಲಿಲ್ಲ. ಅವರ ವಿದ್ಯುತ್, ಅಯಸ್ಕಾಂತದ ಯೋಚನೆಗಳನ್ನು ಮುಂದೆ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ಗಣಿತದಲ್ಲಿ ಬರೆದರು. ವಯಸ್ಸಾದ ಹಾಗೆ ಫ್ಯಾರಡೆಯವರಿಗೆ ಮರೆವು ಹೆಚ್ಚಿತು. ರಾಣಿ ವಿಕ್ಟೋರಿಯಾ ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ಆಗ 75 ವರ್ಷ. ಅವರ ಇಷ್ಟದಂತೆ ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಸರಳವಾಗಿ ಮಣ್ಣು ಮಾಡಿದರು. 1991ರಿಂದ 2001ರವರೆಗೆ ಇಂಗ್ಲೆಂಡಿನ 20 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಇತ್ತು.

ನನ್ನ ಅನಿಸಿಕೆ

ಫ್ಯಾರಡೆ ಶಾಲೆ ಬಿಟ್ಟೂ ದೊಡ್ಡವರಾದರು, ನಾವೂ ಬಿಡೋಣ ಅಂತ ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಅವರು ಬೇಕು ಅಂತ ಬಿಡಲಿಲ್ಲ, ಮನೆಯಲ್ಲಿ ಇಲ್ಲ ಅಂತ ಬಿಟ್ಟರು. ಗಣಿತದ ಕೊರತೆ ಕೊನೆಯವರೆಗೂ ಉಳಿಯಿತು. ಓದಲು ಬಿಟ್ಟ ಮಾಲೀಕರು, ಟಿಕೆಟ್ ಕೊಟ್ಟ ಗಿರಾಕಿ ಸಿಕ್ಕಿದ್ದರಿಂದ ಅವರಿಗೆ ದಾರಿಯಾಯಿತು. ಎಲ್ಲರಿಗೂ ಹಾಗೆ ಸಿಗುವುದಿಲ್ಲ. ನಮ್ಮ ಶಾಲೆ ಏಳನೇ ತರಗತಿವರೆಗೆ ಮಾತ್ರ. ಮುಂದಿನ ವರ್ಷ ನಾವು ಎಷ್ಟು ಜನ ಹೈಸ್ಕೂಲಿಗೆ ಹೋಗುತ್ತೇವೋ ನೋಡಬೇಕು. ನಾನಂತೂ ಹೋಗಬೇಕು ಅಂತ ಮನೆಯಲ್ಲಿ ಹೇಳಿದ್ದೇನೆ. ಅಪ್ಪ ಇನ್ನೂ ಹೂಂ ಅಂದಿಲ್ಲ.

ಆದರೆ ಈಗಾಗಲೇ ಬಿಟ್ಟವರಿಗೂ ಒಂದು ಮಾತು. ಏಳು ಕಾಸಿನ ಬ್ಯಾಟರಿ ಮಾಡಿದಾಗ ಫ್ಯಾರಡೆಗೆ ಇಪ್ಪತ್ತು ವರ್ಷ. ಆಗಲೂ ಅವರು ರಟ್ಟು ಕಟ್ಟುತ್ತಲೇ ಇದ್ದರು. ನಮ್ಮ ಅಣ್ಣನಿಗೆ ಇನ್ನೂ ಹದಿನೇಳು.

ಪ್ರಶ್ನೆಗಳು (ಉತ್ತರ ಬರೆದು ಮೇಷ್ಟ್ರಿಗೆ ಕೊಡಿ)

1. ಬೆಳ್ಳಿಯ ಲೇಪ ಬೇಕಾದ ಚಮಚವನ್ನು ಬ್ಯಾಟರಿಯ ಯಾವ ಕಡೆ ಜೋಡಿಸಬೇಕು?
2. 1 ಗಂಟೆಗೆ 4 ಗ್ರಾಂ ಬೆಳ್ಳಿ ಕೂತರೆ, ಅಷ್ಟೇ ವಿದ್ಯುತ್ ಅರ್ಧ ಗಂಟೆ ಹರಿದರೆ ಎಷ್ಟು?
3. ಮಂಜುಗಡ್ಡೆಯಲ್ಲಿ ವಿದ್ಯುತ್ ಯಾಕೆ ಹೋಗಲಿಲ್ಲ?



— 7ನೇ ತರಗತಿ ವಿದ್ಯಾರ್ಥಿನಿ