ಬರಿಗೈಯ ಗುರು ಫುನಾಕೋಶಿ

ಕರಾಟೆಯೆಂಬುದು ಹೊಡೆದಾಟದ ವಿದ್ಯೆಯೆಂದೇ ಜನಸಾಮಾನ್ಯರ ಭಾವನೆ. ಆದರೆ ಅದನ್ನು ಲೋಕಕ್ಕೆ ಪರಿಚಯಮಾಡಿಸಿದವರಲ್ಲಿ ಅಗ್ರಗಣ್ಯರಾದ ಫುನಾಕೋಶಿ ಗಿಚಿನ್ ಅವರು ಬಾಳಿನುದ್ದಕ್ಕೂ ಬೋಧಿಸಿದ್ದು ಕೈತಡೆಯುವುದನ್ನು. ಇದರ ಮರ್ಮವನ್ನರಿಯಲು ಅವರ ಚರಿತ್ರೆಯನ್ನೂ ಅವರ ನಾಡಿನ ದುರ್ದೆಸೆಯನ್ನೂ ಒಟ್ಟಿಗೆ ನೋಡಬೇಕಾಗಿದೆ.

ಅವರು ಜನಿಸಿದ್ದು 1868ರಲ್ಲಿ, ಓಕಿನಾವಾ ದ್ವೀಪದ ಶುರಿಯಲ್ಲಿ. ಅದು ರ್‍ಯೂಕ್ಯೂ ರಾಜ್ಯದ ರಾಜಧಾನಿ. 1609ರಲ್ಲಿ ಸಾತ್ಸುಮಾ ಪ್ರಭುಗಳ ದಂಡಿಗೆ ಸೋತು ಕಪ್ಪವನ್ನೊಪ್ಪಿಸುತ್ತಿದ್ದ ಆ ರಾಜ್ಯವನ್ನು 1879ರಲ್ಲಿ ಜಪಾನು ಸರ್ಕಾರವು ತನ್ನಲ್ಲಿ ಸೇರಿಸಿಕೊಂಡು, ಅರಸನನ್ನು ಸಿಂಹಾಸನದಿಂದಿಳಿಸಿತು. ಬಾಲ್ಯದಲ್ಲಿ ದುರ್ಬಲಶರೀರಿಗಳಾಗಿದ್ದ ಫುನಾಕೋಶಿಯವರು ಅಸಾಟೋ, ಇಟೋಸು ಎಂಬ ಗುರುಗಳನ್ನಾಶ್ರಯಿಸಿ, ರಾತ್ರಿಯ ವೇಳೆ ಮನೆಯಂಗಳದಲ್ಲಿ ಒಂದೇ ವರಸೆಯನ್ನು ತಿಂಗಳುಗಟ್ಟಲೆ ಸಾಧನೆಮಾಡಿ, ವಿದ್ಯೆಯನ್ನೂ ಆರೋಗ್ಯವನ್ನೂ ಒಟ್ಟಿಗೆ ಸಂಪಾದಿಸಿದರು. ಜೀವನೋಪಾಯಕ್ಕೆ ಶಾಲೆಯ ಉಪಾಧ್ಯಾಯವೃತ್ತಿ.

1922ರಲ್ಲಿ ಟೋಕಿಯೋದ ವ್ಯಾಯಾಮ ಪ್ರದರ್ಶನವೊಂದಕ್ಕೆ ಬಂದ ಅವರು, ಜೂಡೋ ಪ್ರವರ್ತಕ ಕಾನೋ ಜಿಗೋರೋ ಅವರ ಪ್ರೋತ್ಸಾಹವನ್ನು ಪಡೆದು ಅಲ್ಲಿಯೇ ನಿಂತರು. ಆಗಲೇ ಐವತ್ತು ದಾಟಿದ ವಯಸ್ಸು. ಓಕಿನಾವಾ ವಿದ್ಯಾರ್ಥಿಗಳ ವಸತಿಗೃಹದ ಕಿರುಕೋಣೆಯೊಂದರಲ್ಲಿದ್ದು, ಅಂಗಳ ಗುಡಿಸಿ, ಕಾವಲು ಕಾಯ್ದು ಹೊಟ್ಟೆಹೊರೆದರು. ಅದರಿಂದ ತಮ್ಮ ಘನತೆಗೆ ಕುಂದೆಂದು ಅವರು ಎಣಿಸಲಿಲ್ಲ. ಕ್ರಮೇಣ ವಿಶ್ವವಿದ್ಯಾನಿಲಯಗಳ ತರುಣರು ಶಿಷ್ಯರಾದರು. 1939ರ ಹೊತ್ತಿಗೆ ಶೋಟೋಕಾನ್ ಎಂಬ ಸಾಧನಮಂದಿರವು ನಿರ್ಮಿತವಾಯಿತು.

ಚೀನದ ಕೈ ಎಂಬರ್ಥವಿದ್ದ ಕರಾಟೆಯ ಲಿಪಿಯನ್ನು ಅವರು ಬರಿಗೈ ಎಂಬರ್ಥಕ್ಕೆ ಮಾರ್ಪಡಿಸಿದರು. ಆಯುಧವಿಲ್ಲದ ಕೈ, ಅಹಂಕಾರವಿಲ್ಲದ ಮನಸ್ಸು ಎಂಬುದು ಅವರ ಆಶಯ. ಚೀನದ್ವೇಷವು ಬೆಳೆಯುತ್ತಿದ್ದ ಆ ಕಾಲದ ಒತ್ತಡವೂ ಇದರಲ್ಲಿ ಸೇರಿತ್ತೆಂಬುದನ್ನು ನಾವು ಮರೆಮಾಚಲಾರೆವು. ಅವರ ಇಪ್ಪತ್ತು ಸೂತ್ರಗಳಲ್ಲಿ ಮೊದಲನೆಯದು ವಿನಯವನ್ನು ಕುರಿತದ್ದು. ವಂದನೆಯಿಂದಲೇ ಆರಂಭ, ವಂದನೆಯಿಂದಲೇ ಮುಕ್ತಾಯ. ಎರಡನೆಯದು, ಮೊದಲ ಏಟು ಎಂದಿಗೂ ತನ್ನದಾಗಕೂಡದೆಂಬುದು.

ವಿಧಿವಿಲಾಸವೆನ್ನಬೇಕು, ಈ ಸೂತ್ರವನ್ನು ಬೋಧಿಸುತ್ತಿದ್ದ ಕಾಲದಲ್ಲಿಯೇ ಜಪಾನು ಚೀನದ ಮೇಲೆ, ಬಳಿಕ ಪರ್ಲ್ ಹಾರ್ಬರಿನ ಮೇಲೆ ಮೊದಲ ಏಟನ್ನು ಹಾಕಿತು. ಅವರ ಶಿಷ್ಯರಲ್ಲಿ ಅನೇಕರು ರಣರಂಗಕ್ಕೆ ಬಲಿಯಾದರು. 1945ರಲ್ಲಿ ಶೋಟೋಕಾನ್ ಬಾಂಬಿನ ಬೆಂಕಿಗೆ ಆಹುತಿಯಾಯಿತು; ಅದೇ ವರ್ಷ ಪುತ್ರ ಗಿಗೋ ಮೃತರಾದರು; ಓಕಿನಾವಾ ಸ್ಮಶಾನವಾಯಿತು; 1947ರಲ್ಲಿ ಪತ್ನಿಯೂ ತೀರಿಕೊಂಡರು. ಆದರೂ ವೃದ್ಧ ಗುರು ಟೋಕಿಯೋಗೆ ಮರಳಿ ಮತ್ತೆ ಪಾಠ ಹೇಳಿದರು. ಈ ಬಾರಿ ಗೆದ್ದ ಅಮೆರಿಕದ ಸೈನಿಕರೂ ಆ ವಿದ್ಯೆಗೆ ಕೈಯೊಡ್ಡಿದರು. 1957ರಲ್ಲಿ ಅವರು ಕಾಲವಶರಾದರು. ಕಾಮಾಕುರಾದ ಎಂಗಾಕುಜಿ ದೇವಾಲಯದಲ್ಲಿರುವ ಅವರ ಸ್ಮಾರಕಶಿಲೆಯ ಮೇಲೆ ಆ ಎರಡನೆಯ ಸೂತ್ರವೇ ಕೆತ್ತಲ್ಪಟ್ಟಿದೆ.

ರಾಜ್ಯವನ್ನು ಕಳೆದುಕೊಂಡ ಪುಟ್ಟ ದ್ವೀಪವೊಂದು ತನ್ನನ್ನು ಗೆದ್ದವರಿಗೆ ಎರಡು ಬಾರಿ ಗುರುವಾಯಿತು. ಗೆದ್ದವರು ಏಟನ್ನು ಬೇಗ ಕಲಿತರು. ಸಂಯಮವನ್ನು ಕಲಿಯುವುದು ಅಷ್ಟು ಸುಲಭವಾಗಲಿಲ್ಲ. ಬಲಸಾಧನೆಗೆ ಹೊರಟ ಯಾವ ಜನಾಂಗವೂ ಈ ಎರಡನೆಯ ಪಾಠವನ್ನೇ ಮೊದಲು ಕಲಿಯಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.