ಗಂಟು ಬಿಚ್ಚಿದ ಶರಣ



ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದೇವರ ಜಗುಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಗಂಟೊಂದು ಇರುತ್ತಿತ್ತು. ಹಿರಿಯರು ನಿತ್ಯ ಅದಕ್ಕೆ ವಿಭೂತಿ ಹಚ್ಚಿ, ಪತ್ರಿ ಏರಿಸಿ ಕೈಮುಗಿಯುತ್ತಿದ್ದರು. ಒಳಗೇನಿದೆ ಎಂದು ಕೇಳಿದರೆ ದೇವರ ಹೊತ್ತಿಗೆ ಎನ್ನುವರೇ ಹೊರತು ಬಿಚ್ಚಿ ಓದಿದವರು ವಿರಳ. ಅಂಥ ಗಂಟುಗಳನ್ನು ಬಿಚ್ಚಲು ಜೀವ ಸವೆಸಿದ ಮಹನೀಯರನ್ನು ಇಂದು ನಾವು ಸ್ಮರಿಸುತ್ತೇವೆ. ಅವರೇ ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು.

ಫಕೀರಪ್ಪನವರು ಜನಿಸಿದ್ದು ೧೮೮೦ರ ಜುಲೈ ೨ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು, ತಾಯಿ ದಾನಮ್ಮನವರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಮುಂಬಯಿಯಲ್ಲಿ ಕಾನೂನು ಓದಿ, ಅಂದಿನ ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ವಕೀಲರಾಗಿ ನೆಲೆಸಿದರು. ಸುಖವಾಗಿ ಬಾಳಲು ಆ ವೃತ್ತಿಯೊಂದೇ ಸಾಕಿತ್ತು. ಆದರೆ ತಾಡವೋಲೆಗಳಲ್ಲಿ ಅಡಗಿದ್ದ ಶರಣರ ನುಡಿ ಅವರನ್ನು ಕರೆಯಿತು.

ಊರೂರು ಅಲೆದು, ಮಠ-ಮನೆಗಳ ಬಾಗಿಲಲ್ಲಿ ನಿಂತು ಓಲೆಗಳನ್ನು ಬೇಡಿದರು. ಪೂಜೆಯ ವಸ್ತುವನ್ನು ಕೊಡಲು ಒಪ್ಪದವರಿಗೆ ತಾಳ್ಮೆಯಿಂದ ತಿಳಿಹೇಳಿದರು. ಓಲೆ ಸಿಕ್ಕರೂ ಓದುವುದು ಸುಲಭವಲ್ಲ. ಪದಗಳ ನಡುವೆ ತೆರಪಿರುವುದಿಲ್ಲ, ಅಂಚು ಮುರಿದಿರುತ್ತದೆ, ನುಸಿ ತಿಂದಿರುತ್ತದೆ. ಪ್ರತಿ ಮಾಡಿದವನ ಕೈತಪ್ಪೂ ಸೇರಿರುತ್ತದೆ. ಹಲವು ಪ್ರತಿಗಳನ್ನು ಹೋಲಿಸಿ ನೋಡಿ ಪಾಠವನ್ನು ನಿರ್ಣಯಿಸಬೇಕು. ಈ ತಪಸ್ಸಿನ ಫಲವಾಗಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು.

ಅಚ್ಚು ಹಾಕಿಸುವ ಕಷ್ಟ ಕಂಡು ತಮ್ಮ ಸ್ವಂತ ಮನೆಯನ್ನೇ ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂದಿತು. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯನ್ನೂ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಿದ ಈ ಪುಣ್ಯಾತ್ಮರು ತಮಗಾಗಿ ಏನನ್ನೂ ಕೂಡಿಡಲಿಲ್ಲ. ಬಡತನದಲ್ಲಿಯೇ ಬಾಳಿ, ೧೯೬೪ರ ಜೂನ್ ೨೯ರಂದು ಲಿಂಗೈಕ್ಯರಾದರು. ಅವರು ಕೂಡಿಸಿದ ಓಲೆಗಳನ್ನು ಇಂದು ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವು ಕಾಪಾಡಿಕೊಂಡು ಬಂದಿದೆ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಮರಿಗಳಾಗಿದ್ದಾಗ ನಮ್ಮ ಮಠದ ಗದ್ದುಗೆಯ ಬಳಿ ಅಂಥದೇ ಕಟ್ಟೊಂದಿತ್ತು. ಪೂಜೆಯ ನೀರು ಅದರ ಮೇಲೆ ಸಿಡಿಯುತ್ತಿತ್ತು. ಅದೂ ತೀರ್ಥವೆಂದು ನಾವು ಸುಮ್ಮನಿದ್ದೆವು. ವರ್ಷಗಳ ಮೇಲೆ ಬಿಚ್ಚಿದಾಗ ಓಲೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಬಿಡಿಸಹೋದರೆ ಅಕ್ಷರವೆಲ್ಲ ಪುಡಿಯಾಗಿ ಅಂಗೈಗೆ ಬಂದಿತು. ಯಾವ ಶರಣನ ಮಾತು ಅಲ್ಲಿತ್ತೋ, ಶಿವನೇ ಬಲ್ಲ. ನಮ್ಮ ಭಕ್ತಿಯ ಕೈಯಿಂದಲೇ ಅದು ಅಳಿಯಿತು.

ಆದುದರಿಂದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೇ. ನಿಮ್ಮ ಜಗುಲಿಯ ಮೇಲೆ ಗಂಟಿದ್ದರೆ ನೀರು, ಎಣ್ಣೆದೀಪದ ಹೊಗೆ ತಾಗದಂತೆ ಇಡಿರಿ. ಬಲ್ಲವರನ್ನು ಕರೆದು ತೋರಿಸಿರಿ. ಕೊಡಲು ಮನಸ್ಸಿಲ್ಲದಿದ್ದರೆ ಓಲೆ ನಿಮ್ಮಲ್ಲಿಯೇ ಇರಲಿ, ಛಾಯಾಪ್ರತಿ ಮಾಡಿಸಲು ಮಾತ್ರ ಅನುವು ಕೊಡಿರಿ. ಹೊತ್ತಿಗೆಗೆ ಕೈಮುಗಿದರೆ ಅರ್ಧ ಪೂಜೆ, ಅದನ್ನು ಓದಿಸಿದರೆ ಪೂರ್ಣ ಪೂಜೆ. ಹಳಕಟ್ಟಿಯವರು ತೋರಿದ ದಾಸೋಹ ಇದೇ.

ಸರ್ವರಿಗೂ ಸನ್ಮಂಗಳವಾಗಲಿ.