ಕೈ ತೊಳೆಯಿರಿ ಎಂದ ವೈದ್ಯನಿಗೆ ನಿಜಕ್ಕೂ ಹುಚ್ಚು ಹಿಡಿದಿತ್ತೇ?

ಕೈ ತೊಳೆದುಕೊಳ್ಳಿ ಎಂದದ್ದಕ್ಕೇ ಒಬ್ಬ ವೈದ್ಯನನ್ನು ಹುಚ್ಚಾಸ್ಪತ್ರೆಗೆ ಹಾಕಿದರು, ಆತ ಅಲ್ಲೇ ಸತ್ತ. ಕೊರೊನಾ ಕಾಲದಲ್ಲಿ ಈ ಕಥೆ ಎಲ್ಲೆಡೆ ಹರಿದಾಡಿತು. ವೈದ್ಯನ ಹೆಸರು ಇಗ್ನಾಜ್ ಸೆಮ್ಮೆಲ್ವೈಸ್. ಆತ ಕೈ ತೊಳೆಯಿರಿ ಎಂದದ್ದು ನಿಜ, ಆಸ್ಪತ್ರೆ ನಿಜ, ಸಾವೂ ನಿಜ. ಆದರೆ ಅದಕ್ಕೇ ಸೇರಿಸಿದರು ಎನ್ನುವುದು ಸರಿಯೇ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಒಬ್ಬರ ವರ್ತನೆ ಅಸಹಜ ಎಂದು ಮನೋವಿಜ್ಞಾನ ಯಾವಾಗ ಹೇಳುತ್ತದೆ?

ಎರಡು ಹೆರಿಗೆ ವಾರ್ಡುಗಳು

ಸೆಮ್ಮೆಲ್ವೈಸ್ ಹುಟ್ಟಿದ್ದು 1818ರಲ್ಲಿ, ಈಗಿನ ಬುಡಾಪೆಸ್ಟ್ ನಗರದ ಬುಡಾ ಭಾಗದಲ್ಲಿ. 1846ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸಹಾಯಕ ವೈದ್ಯನಾಗಿ ಸೇರಿದರು. ಅಲ್ಲಿ ಎರಡು ವಾರ್ಡುಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಾರ್ಡಿನಲ್ಲಿ ನೂರಕ್ಕೆ ಸುಮಾರು 10 ತಾಯಂದಿರು ಸಾಯುತ್ತಿದ್ದರು. ಸೂಲಗಿತ್ತಿಯರ ವಾರ್ಡಿನಲ್ಲಿ 4ಕ್ಕಿಂತ ಕಡಿಮೆ. ಹೆಚ್ಚಿನ ಸಾವುಗಳಿಗೆ ಬಾಣಂತಿ ನಂಜು ಕಾರಣ. ಇದು ಊರಿಗೆಲ್ಲ ಗೊತ್ತಿತ್ತು. ವೈದ್ಯರ ವಾರ್ಡಿಗೆ ಮಾತ್ರ ಕಳಿಸಬೇಡಿ ಎಂದು ಗರ್ಭಿಣಿಯರು ಅಂಗಲಾಚುತ್ತಿದ್ದರು.

1847ರ ಮಾರ್ಚ್‌ನಲ್ಲಿ ಅವರ ಗೆಳೆಯ, ವೈದ್ಯ ಯಾಕೊಬ್ ಕೊಲೆಟ್ಷ್ಕಾ ತೀರಿಕೊಂಡರು. ಶವಪರೀಕ್ಷೆಯ ವೇಳೆ ಚಾಕು ತಗುಲಿ ಅವರ ಬೆರಳಿಗೆ ಗಾಯವಾಗಿತ್ತು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರಲ್ಲಿ ಕಾಣುತ್ತಿದ್ದವೇ ಆಗಿದ್ದವು. ಸೆಮ್ಮೆಲ್ವೈಸ್‌ಗೆ ಸುಳಿವು ಸಿಕ್ಕಿತು. ಶವಪರೀಕ್ಷೆ ಮುಗಿಸಿದ ವೈದ್ಯರು ಅದೇ ಕೈಯಲ್ಲಿ ಹೆರಿಗೆ ಮಾಡಿಸಲು ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ.

ಮೇ ತಿಂಗಳಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಇಂದು ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಬಳಗದ್ದೇ ಆ ರಾಸಾಯನಿಕ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು.

ಎಲ್ಲರಂತೆ ಇಲ್ಲದಿರುವುದು ರೋಗವೇ?

ಮನೋವಿಜ್ಞಾನದ ಪಠ್ಯಗಳು ಅಸಹಜತೆಯನ್ನು ಸಾಮಾನ್ಯವಾಗಿ ನಾಲ್ಕು ಅಳತೆಗಳಿಂದ ವಿವರಿಸುತ್ತವೆ. ವರ್ತನೆ ಹೆಚ್ಚಿನವರಿಗಿಂತ ಅಥವಾ ಸಮಾಜದ ರೂಢಿಗಿಂತ ಭಿನ್ನವೇ? ಅದರಿಂದ ವ್ಯಕ್ತಿಗೆ ಯಾತನೆ ಆಗುತ್ತಿದೆಯೇ? ಕೆಲಸ, ಸಂಸಾರ, ದಿನಚರಿ ಕೆಡುತ್ತಿವೆಯೇ? ತನಗೆ ಅಥವಾ ಇತರರಿಗೆ ಅಪಾಯವಿದೆಯೇ? ಈ ನಾಲ್ಕೂ ಇರಲೇಬೇಕೆಂದಿಲ್ಲ. ಆದರೆ ಒಂದನ್ನೇ ಹಿಡಿದು ತೀರ್ಮಾನಿಸುವಂತೆಯೂ ಇಲ್ಲ.

1847ರ ಸೆಮ್ಮೆಲ್ವೈಸ್‌ಗೆ ಈ ಅಳತೆ ಹಿಡಿದು ನೋಡೋಣ. ಕೈಯನ್ನು ಕ್ಲೋರಿನ್‌ನಲ್ಲಿ ಉಜ್ಜಿಕೊಳ್ಳುವ ವೈದ್ಯರು ಆಗ ತೀರಾ ವಿರಳ, ಆದ್ದರಿಂದ ಅವರು ಭಿನ್ನರೇ. ಆದರೆ ಕೆಲಸ ಕೆಟ್ಟಿರಲಿಲ್ಲ, ಅತ್ಯುತ್ತಮವಾಗಿತ್ತು. ಅಪಾಯದ ಅಳತೆಯಂತೂ ತಲೆಕೆಳಗಾಗುತ್ತದೆ. ತಾಯಂದಿರ ಪ್ರಾಣಕ್ಕೆ ಅಪಾಯವಾಗಿದ್ದದ್ದು ಬಹುಮತದ ವೈದ್ಯರ ರೂಢಿ. ಸಂಖ್ಯೆಯಲ್ಲಿ ಹೆಚ್ಚಿರುವುದೆಲ್ಲ ಆರೋಗ್ಯಕರವಲ್ಲ, ಅಪರೂಪವಾದದ್ದೆಲ್ಲ ರೋಗವಲ್ಲ. ಸಂದರ್ಭವೂ ಮುಖ್ಯ. ಜಾತ್ರೆಯಲ್ಲಿ ಮೈಮೇಲೆ ದೇವರು ಬಂದವರನ್ನು ನಮ್ಮ ಊರುಗಳು ರೋಗಿ ಎನ್ನುವುದಿಲ್ಲ. ಅದನ್ನೇ ಕಚೇರಿಯ ಮಧ್ಯೆ ಕಂಡರೆ ಗಾಬರಿಯಾಗುತ್ತೇವೆ.

ಕೋಪದ ವರ್ಷಗಳು

ವಿಯೆನ್ನಾದಲ್ಲಿ 1849ರ ನಂತರ ಅವರ ಹುದ್ದೆ ಮುಂದುವರಿಯಲಿಲ್ಲ. ಆದರೂ ಆಗ ಯಾರೂ ಅವರನ್ನು ಆಸ್ಪತ್ರೆಗೆ ಸೇರಿಸಲಿಲ್ಲ. 1850ರಲ್ಲಿ ಅವರೇ ಪೆಸ್ಟ್‌ಗೆ ಮರಳಿದರು. ಅಲ್ಲಿನ ಸೇಂಟ್ ರೋಖಸ್ ಆಸ್ಪತ್ರೆಯಲ್ಲಿ 1851ರಿಂದ 1855ರವರೆಗೆ 933 ಹೆರಿಗೆಗಳಾದವು. ಬಾಣಂತಿ ನಂಜಿನಿಂದ ಸತ್ತವರು 8 ಮಂದಿ ಮಾತ್ರ. 1855ರಲ್ಲಿ ಪ್ರಾಧ್ಯಾಪಕರಾದರು, ಮದುವೆಯಾದರು, ಮಕ್ಕಳಾದರು. ಜನಪ್ರಿಯ ಕಥೆ ಈ ಹದಿನೈದು ವರ್ಷಗಳನ್ನು ನುಂಗಿಬಿಡುತ್ತದೆ.

1861ರಲ್ಲಿ ತಮ್ಮ ಸಿದ್ಧಾಂತದ ದೊಡ್ಡ ಪುಸ್ತಕ ಪ್ರಕಟಿಸಿದರು. ಯುರೋಪಿನ ಹೆಸರಾಂತ ವೈದ್ಯರಲ್ಲಿ ಹಲವರು ಅದನ್ನು ತಳ್ಳಿಹಾಕಿದರು. ಅವರಿಗೆ ಸೆಮ್ಮೆಲ್ವೈಸ್ ಬಹಿರಂಗ ಪತ್ರಗಳನ್ನು ಬರೆದು ಕೊಲೆಗಡುಕರೆಂದೇ ಜರೆದರು. ಇದು ಅಸಹಜತೆಯೇ? ಮಾತು ಒರಟು, ರೂಢಿ ಮೀರಿದ್ದು. ಆದರೆ ತಡೆಯಬಹುದಾದ ಸಾವುಗಳನ್ನು ಕಂಡವನ ಕೋಪಕ್ಕೆ ಕಾರಣವಿತ್ತು. ಸಮಾಜದೊಂದಿಗೆ ಜಗಳವಾಡುವುದೇ ಕಾಯಿಲೆಯಲ್ಲ ಎಂದು ಇಂದಿನ ಮನೋವೈದ್ಯಕೀಯ ಕೈಪಿಡಿಗಳೂ ಹೇಳುತ್ತವೆ. ಆ ಜಗಳದ ಹಿಂದೆ ವ್ಯಕ್ತಿಯೊಳಗಿನ ಯಾವುದಾದರೂ ತೊಂದರೆ ಇದ್ದರೆ ಮಾತ್ರ ಅದು ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ.

1865: ಬದಲಾದ ಮನುಷ್ಯ

ಕೊನೆಯ ವರ್ಷಗಳಲ್ಲಿ ಚಿತ್ರ ಬದಲಾಯಿತು. ಖಿನ್ನತೆ, ಮರೆವು ಕಾಣಿಸಿಕೊಂಡವು. ಯಾವ ಮಾತು ಎತ್ತಿದರೂ ಬಾಣಂತಿ ನಂಜಿಗೇ ತಂದು ನಿಲ್ಲಿಸುತ್ತಿದ್ದರು. ಕುಡಿತ ಹೆಚ್ಚಿತು, ಮನೆಯವರಿಂದ ದೂರವಾದರು. ಇಲ್ಲಿ ನಾವು ಗಮನಿಸಬೇಕಾದದ್ದು ಅವರು ಪಕ್ಕದವರಿಗಿಂತ ಬೇರೆಯಾಗಿದ್ದರು ಎಂಬುದನ್ನಲ್ಲ, ತಮ್ಮ ಹಿಂದಿನ ತಮಗಿಂತಲೇ ಬೇರೆಯಾದರು ಎಂಬುದನ್ನು. ವೈದ್ಯರು ಇಂದಿಗೂ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೊಂದು: ಇವರು ಮೊದಲು ಹೇಗಿದ್ದರು? ಸಿಫಿಲಿಸ್ ಮಿದುಳಿಗೆ ಹರಡಿತ್ತು, ಬೇಗನೆ ಬಂದ ಆಲ್ಝೈಮರ್ ಇತ್ತು, ಬರೀ ಬಳಲಿಕೆ ಎಂದು ನಂತರದವರು ಹಲವು ಊಹೆ ಮಾಡಿದ್ದಾರೆ. ಅಂದರೆ ಅವರಿಗೆ ತೊಂದರೆ ಇದ್ದಿರುವ ಸಾಧ್ಯತೆ ಬಲವಾಗಿಯೇ ಇದೆ. ಹಾಗಿದ್ದರೂ ಕೈ ತೊಳೆಯುವ ಬಗ್ಗೆ ಅವರು ಹೇಳಿದ್ದು ಸರಿಯೇ. ಮಾತು ಸರಿಯೇ ಎಂಬುದು ಒಂದು ಪ್ರಶ್ನೆ, ಮನಸ್ಸಿಗೆ ಚಿಕಿತ್ಸೆ ಬೇಕೇ ಎಂಬುದು ಇನ್ನೊಂದು. ಒಂದರ ಉತ್ತರದಿಂದ ಇನ್ನೊಂದು ತೀರ್ಮಾನವಾಗುವುದಿಲ್ಲ.

ಆದರೆ ಅವರಿಗೆ ಸಿಕ್ಕಿದ್ದು ಚಿಕಿತ್ಸೆಯಲ್ಲ. 1865ರ ಜುಲೈ ಕೊನೆಯಲ್ಲಿ ಹಳೆಯ ಗೆಳೆಯ ಫರ್ಡಿನಾಂಡ್ ಹೆಬ್ರಾ, ಹೊಸ ಸಂಸ್ಥೆಯೊಂದನ್ನು ತೋರಿಸುವ ನೆಪದಲ್ಲಿ ಅವರನ್ನು ವಿಯೆನ್ನಾದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದರು. ವಿಷಯ ಅರಿವಾಗಿ ಹೊರಬರಲು ಯತ್ನಿಸಿದಾಗ ಕಾವಲುಗಾರರು ಹೊಡೆದು, ಕೈಕಟ್ಟುವ ಅಂಗಿ ತೊಡಿಸಿ ಕತ್ತಲೆ ಕೋಣೆಗೆ ದೂಡಿದರು ಎಂದು ಚರಿತ್ರಕಾರರು ದಾಖಲಿಸಿದ್ದಾರೆ. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, 47ನೇ ವಯಸ್ಸಿನಲ್ಲಿ ಸತ್ತರು. ಕಾರಣ, ಕೊಳೆತ ಗಾಯದಿಂದ ರಕ್ತಕ್ಕೆ ಏರಿದ ನಂಜು. ಜೀವನವಿಡೀ ಅವರು ಹೋರಾಡಿದ್ದು ಇಂಥದ್ದೇ ನಂಜಿನ ವಿರುದ್ಧ.

ಹಾಗಾದರೆ ಕಥೆ ಸುಳ್ಳೇ?

ಅರ್ಧ ಸತ್ಯ. ಕೈ ತೊಳೆಯಿರಿ ಎಂದದ್ದಕ್ಕೆ ಅವರ ಕೆಲಸಕ್ಕೂ ಹೆಸರಿಗೂ ಪೆಟ್ಟು ಬಿತ್ತು. ಆಸ್ಪತ್ರೆಗೆ ಸೇರಿಸಿದ್ದು ಹದಿನೆಂಟು ವರ್ಷಗಳ ನಂತರ, ಬೇರೆ ಲಕ್ಷಣಗಳು ಕಂಡಾಗ. ಅವರಿಗೆ ಎರಡು ಬಗೆಯ ಅನ್ಯಾಯವಾಯಿತು. ಆರೋಗ್ಯವಾಗಿದ್ದಾಗ ಅವರ ಭಿನ್ನ ಮಾತನ್ನು ತಳ್ಳಿಹಾಕಿದರು. ಆರೋಗ್ಯ ಕೆಟ್ಟಾಗ ಮೋಸದಿಂದ ಕೂಡಿಹಾಕಿದರು.

ಭಾರತದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ಇವೆರಡರ ಬಗ್ಗೆಯೂ ಎಚ್ಚರ ವಹಿಸಿದೆ. ಸಮುದಾಯದ ನೈತಿಕ, ಸಾಮಾಜಿಕ, ರಾಜಕೀಯ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗೆ ಒಬ್ಬರು ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆ ಇದೆ ಎಂದು ನಿರ್ಧರಿಸುವಂತಿಲ್ಲ. ಕಾಯಿಲೆ ಇರುವವರಿಗೂ ಘನತೆಯಿಂದ ಬದುಕುವ ಹಕ್ಕಿದೆ. ಸರಪಳಿ ಹಾಕುವುದು ನಿಷಿದ್ಧ.

ಆದ್ದರಿಂದ ಮನೆಯಲ್ಲೋ ಕಚೇರಿಯಲ್ಲೋ ಯಾರದಾದರೂ ಮಾತು ಹಿಡಿಸದಿದ್ದಾಗ ಅವರಿಗೆ ಹುಚ್ಚು ಎಂದುಬಿಡುವ ಮುನ್ನ ಆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ನಿದ್ದೆ, ಊಟ, ಕೆಲಸ, ಒಡನಾಟ ಎಲ್ಲವೂ ಮೊದಲಿನಂತಿಲ್ಲ, ಅವರು ನರಳುತ್ತಿದ್ದಾರೆ ಎನಿಸಿದರೆ ಸುಳ್ಳು ನೆಪ ಹೇಳದೆ, ಅವರೊಂದಿಗೆ ಮಾತಾಡಿ ವೈದ್ಯರ ಬಳಿ ಕರೆದೊಯ್ಯೋಣ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.